ಬಿಟ್‌ಕಾಯಿನ್ ತಗೋತೀರಂತಲ್ಲ, ಯಾರಿಗೂ ಗೊತ್ತಾಗಲ್ವಾ?

ಈ ಪ್ರಶ್ನೆಯನ್ನು ಎಲ್ಲರೂ ದನಿ ತಗ್ಗಿಸಿಯೇ ಕೇಳುತ್ತಾರೆ. ಕೌಂಟರ್ ಮೇಲೆ ಬಾಗಿ, ಹಿಂದೆ ಮುಂದೆ ನೋಡಿ, "ಟ್ಯಾಕ್ಸ್‌ನವರಿಗೆ ಗೊತ್ತಾಗಲ್ಲ ಅಲ್ವಾ ಸಾರ್?" ಅಂತ. ನನಗೆ ಸಾಕಾಗಿದೆ. ನನ್ನದು ಜಯನಗರದಲ್ಲಿ ಒಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ರಿಪೇರಿ ದುಡ್ಡನ್ನು ಬಿಟ್‌ಕಾಯಿನ್ ಅನ್ನುವ ಡಿಜಿಟಲ್ ದುಡ್ಡಿನಲ್ಲೂ ತೆಗೆದುಕೊಳ್ಳುತ್ತೇನೆ, ಅಷ್ಟೇ. ಕಳ್ಳ ಲೆಕ್ಕದ ಅಂಗಡಿ ಅಲ್ಲ.

ಗೊತ್ತಾಗುತ್ತದೆ. ಬಿಟ್‌ಕಾಯಿನ್ ಬಂದ ದಿನದ ರೂಪಾಯಿ ಬೆಲೆಗೆ ಬಿಲ್ ಹಾಕುತ್ತೇನೆ, ಅದು ಆದಾಯದ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಬೆಲೆ ಏರಿದಾಗ ಮಾರಿದರೆ ಆ ಲಾಭಕ್ಕೆ ಶೇಕಡಾ 30 ತೆರಿಗೆ, 2022ರಿಂದ. ಮಾರುವಾಗ ಶೇಕಡಾ 1 ಟಿಡಿಎಸ್ ಬೇರೆ. ಬಿಟ್‌ಕಾಯಿನ್ ಮಾರುವ ಆನ್‌ಲೈನ್ ಎಕ್ಸ್‌ಚೇಂಜ್‌ಗೆ ಪ್ಯಾನ್, ಆಧಾರ್ ಎಲ್ಲ ಕೊಟ್ಟಿದ್ದೇನೆ. ಸರ್ಕಾರದಿಂದ ಮುಚ್ಚಿಡಲು ಏನೂ ಇಲ್ಲ.

ನಾನು ಮುಚ್ಚಿಡುವುದು ಪಕ್ಕದವರಿಂದ. ಶುರುವಿನಲ್ಲಿ ಒಂದೇ ಬಿಟ್‌ಕಾಯಿನ್ ವಿಳಾಸದ (ದುಡ್ಡು ಬಂದು ಸೇರುವ ಖಾತೆ ನಂಬರಿನಂಥದ್ದು) ಕ್ಯೂಆರ್ ಪ್ರಿಂಟ್ ತೆಗೆದು ಯುಪಿಐ ಸೌಂಡ್‌ಬಾಕ್ಸ್ ಪಕ್ಕ ಅಂಟಿಸಿದ್ದೆ. ಒಂದು ಶನಿವಾರ ಒಬ್ಬ ಹುಡುಗ ಕೀಬೋರ್ಡ್ ಹಾಕಿಸಿಕೊಳ್ಳಲು ಬಂದ. ದುಡ್ಡು ಕಳಿಸಿ, ಕನ್ಫರ್ಮ್ ಆಗಲಿ ಅಂತ ಕಾಯುತ್ತ ಫೋನ್ ನೋಡುತ್ತಿದ್ದ. "ಅಣ್ಣಾ, ಮಂಗಳವಾರ ಒಳ್ಳೇ ವ್ಯಾಪಾರ ಆಗಿದೆ. ಮೂರು ಜನ ಕಟ್ಟಿದ್ದಾರೆ" ಅಂದ. ಮೊತ್ತವನ್ನೂ ಒಂದೊಂದಾಗಿ ಓದಿದ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅವರಲ್ಲಿ ಒಬ್ಬರು ಕಟ್ಟಡದ ಓನರ್. ಮುಂದಿನ ತಿಂಗಳೇ ಬಾಡಿಗೆ ಜಾಸ್ತಿ ಮಾಡುವ ಮಾತು ಬಂತು.

ಹುಡುಗನದು ತಪ್ಪಲ್ಲ. ಬಿಟ್‌ಕಾಯಿನ್ ಲೆಕ್ಕದ ಪುಸ್ತಕ 2009ರಿಂದಲೂ ಎಲ್ಲರ ಮುಂದೆ ತೆರೆದೇ ಇದೆ. ವಿಳಾಸ ಗೊತ್ತಿದ್ದರೆ ಸಾಕು, ಅಲ್ಲಿಗೆ ಬಂದದ್ದು ಹೋದದ್ದು ಎಲ್ಲ ಕಾಣುತ್ತದೆ. ಸೌಂಡ್‌ಬಾಕ್ಸ್ ಒಂದ್ಸಲ ಕೂಗಿ ಸುಮ್ಮನಾಗುತ್ತದೆ. ಇದು ಸುಮ್ಮನಾಗುವುದೇ ಇಲ್ಲ.

ಅವತ್ತೇ ಆ ಕ್ಯೂಆರ್ ಕಿತ್ತೆ. ಈಗ ಬಿಟಿಸಿಪೇ ಸರ್ವರ್ ಅನ್ನುವ ಉಚಿತ ಸಾಫ್ಟ್‌ವೇರನ್ನು ಒಂದು ಹಳೇ ಡೆಸ್ಕ್‌ಟಾಪ್‌ಗೆ ಹಾಕಿದ್ದೇನೆ. ಅದು ಒಂದೊಂದು ಬಿಲ್ಲಿಗೂ ಹೊಸ ವಿಳಾಸ ಕೊಡುತ್ತದೆ. ಅಂಗಡಿಯಲ್ಲಿ ಇರುವುದು ವಿಳಾಸ ಹುಟ್ಟಿಸುವ ಕೀಲಿ (ಒಂದು ಉದ್ದನೆಯ ಕೋಡ್) ಮಾತ್ರ. ಖರ್ಚು ಮಾಡುವ ಕೀಲಿ ಅಲ್ಲಿಲ್ಲ, ಹಾಗಾಗಿ ಡೆಸ್ಕ್‌ಟಾಪ್ ಕಳುವಾದರೂ ದುಡ್ಡು ಹೋಗುವುದಿಲ್ಲ. ಇನ್ನೊಂದು ವಿಷಯ ತಡವಾಗಿ ಕಲಿತೆ. ಹತ್ತು ವಿಳಾಸದ ಚಿಲ್ಲರೆಯನ್ನು ಒಟ್ಟಿಗೆ ಗುಡಿಸಿ ಕಳಿಸಿದರೆ, ಹತ್ತೂ ಒಬ್ಬನದೇ ಅಂತ ನೋಡುವವರು ಊಹಿಸಿಬಿಡುತ್ತಾರೆ. ಅದಕ್ಕೇ ಬಿಡಿಬಿಡಿಯಾಗಿ ಕಳಿಸುತ್ತೇನೆ. ಫೀ ಜಾಸ್ತಿ ಬೀಳುತ್ತದೆ, ಬೀಳಲಿ.

ಆದರೆ ಯಾರಾದರೂ ಇದನ್ನು ಕೇಳಲಿ ಅಂತ ಕಾಯುತ್ತಿದ್ದೇನೆ: "ನಮ್ಮ ವಿಷಯ ನಿಮ್ಮ ಅಂಗಡಿಯಲ್ಲಿ ಎಷ್ಟು ದಿನ ಇರುತ್ತೆ?" ಆ ಶನಿವಾರ ಬಯಲಾದದ್ದು ನನ್ನ ವ್ಯಾಪಾರ ಮಾತ್ರ ಅಲ್ಲ. ಆ ಮೂವರಲ್ಲಿ ಒಬ್ಬರು, ತೀರಿಹೋದ ತಾಯಿಯ ಫೋಟೊಗಳಿದ್ದ ಹಾರ್ಡ್‌ಡಿಸ್ಕ್ ತಂದವರು. ಅದಕ್ಕೆ ಅವರು ಎಷ್ಟು ಕೊಟ್ಟರು ಅನ್ನುವುದು ನಮ್ಮಿಬ್ಬರಲ್ಲೇ ಇರಬೇಕಿತ್ತು.

ರಿಪೇರಿಗೆ ಬಂದ ಲ್ಯಾಪ್‌ಟಾಪಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಹೆಸರು, ಫೋನ್ ನಂಬರ್ ಬರೆಯುತ್ತೇವೆ. ಈಗ ಡೆಲಿವರಿ ಕೊಡುವಾಗ ಅದನ್ನು ಕಿತ್ತು, ಅವರ ಎದುರಿಗೇ ಹರಿದು ಹಾಕುತ್ತೇನೆ.