ಬಚ್ಚಿಟ್ಟ ಪ್ರಿನ್ಸ್

1997ರ ಬೇಸಿಗೆ ರಜೆ. ಮಂಡ್ಯದ ವಿ.ವಿ. ರಸ್ತೆಯ ಕಡೆ ಮಹಡಿ ಮೇಲಿದ್ದ ಒಂದು ಕಂಪ್ಯೂಟರ್ ಕ್ಲಾಸಿಗೆ ಅಪ್ಪ ನನ್ನನ್ನು ಸೇರಿಸಿದರು. ಚಪ್ಪಲಿ ಹೊರಗೇ ಬಿಡಬೇಕು. ಒಳಗೆ ಎಸಿ. ಕಂಪ್ಯೂಟರಿಗೆ ಧೂಳು ಆಗಲ್ಲ ಅಂತ ಹೇಳುತ್ತಿದ್ದರು. ದೇವರಮನೆಗೂ ನಾವು ಅಷ್ಟು ಭಯಭಕ್ತಿಯಿಂದ ಹೋದವರಲ್ಲ.

ಪಾಠ ಮಾತ್ರ ಮಗ್ಗಿ ಥರ. ಡಾಸ್ ಕಮಾಂಡುಗಳನ್ನು, ಅಂದರೆ ಕಂಪ್ಯೂಟರಿಗೆ ಟೈಪ್ ಮಾಡಿ ಕೊಡೋ ಆಜ್ಞೆಗಳನ್ನು, ನೋಟ್ಸ್ ಬರೆಸುತ್ತಿದ್ದರು, ನಾವು ಬಾಯಿಪಾಠ ಮಾಡುತ್ತಿದ್ದೆವು. ಯಾವುದು ಯಾಕೆ ಅಂತ ಒಂದೂ ತಲೆಗೆ ಹೋಗಲಿಲ್ಲ. ಕೊನೆಯಲ್ಲಿ ಸ್ವಲ್ಪ ಹೊತ್ತು ಕಂಪ್ಯೂಟರ್ ಮುಟ್ಟಬಹುದಿತ್ತು, ಇಬ್ಬರಿಗೆ ಒಂದು.

ಒಂದು ದಿನ ಪಕ್ಕದ ಹುಡುಗ ಅದರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಅನ್ನೋ ಆಟ ಹುಡುಕಿಬಿಟ್ಟ. ಅವತ್ತಿಂದ ನೋಟ್ಸ್ ಯಾರಿಗೆ ಬೇಕು? ಸಾರ್‌ಗೆ ಗೊತ್ತಾಯಿತು. ಆಟವನ್ನು ಬೇರೆ ಡೈರೆಕ್ಟರಿಗೆ, ಅಂದರೆ ಬೇರೆ ಫೋಲ್ಡರಿಗೆ, ಸಾಗಿಸಿದರು. ನಾವು ಪಟ್ಟಿ ತೋರಿಸೋ ಡಿಐಆರ್ ಕಮಾಂಡ್ ಹೊಡೆದು, ಡೈರೆಕ್ಟರಿ ಬದಲಿಸೋ ಸಿಡಿ ಕಮಾಂಡ್ ಹೊಡೆದು, ಒಂದೊಂದೇ ಡೈರೆಕ್ಟರಿಯ ಒಳಗೆ ಇಣುಕಿದೆವು. ಡಿಐಆರ್ ಪಕ್ಕ ಓರೆಗೆರೆ ಎಳೆದು ಎಸ್ ಹಾಕಿದರೆ ಒಳಗಿನ ಡೈರೆಕ್ಟರಿಗಳನ್ನೂ ಜಾಲಾಡಬಹುದು ಅಂತ ಆಗ ಗೊತ್ತಾಯಿತು. ಸಾರ್ ಬಿಡಲಿಲ್ಲ, ಅಟ್ರಿಬ್ ಕಮಾಂಡ್ ಹಾಕಿ ಫೈಲನ್ನೇ ಕಾಣದ ಹಾಗೆ ಮಾಡಿದರು. ಬರೆಸಿದ ನೋಟ್ಸನ್ನು ನಾನು ಮೊದಲ ಸಲ ಓದಿದ್ದು ಆ ಸಂಜೆ. ಪ್ಲಸ್ ಎಚ್ ಹಾಕಿದರೆ ಬಚ್ಚಿಡುತ್ತೆ, ಮೈನಸ್ ಎಚ್ ಹಾಕಿದರೆ ತೋರಿಸುತ್ತೆ!

ಸಾರ್ ಬೇಕಂತಲೇ ಹೀಗೆ ಕಲಿಸಿದರು ಅಂತ ನೀವು ಅಂದುಕೊಳ್ಳಬಹುದು. ಖಂಡಿತ ಇಲ್ಲ. ಕೊನೆಗೆ ಸಿಟ್ಟು ಬಂದು ಆಟವನ್ನು ಅಳಿಸಿಯೇ ಹಾಕಿದರು. ನಾವು ಮೈಸೂರಿನಿಂದ ಯಾರದೋ ಫ್ಲಾಪಿಯಲ್ಲಿ ತರಿಸಿಕೊಂಡೆವು. ಆಟದ ಹೆಸರಾದ ಮೇಲೆ ‘ಮೆಗಾಹಿಟ್’ ಅಂತ ಸೇರಿಸಿ ಟೈಪ್ ಮಾಡಿದರೆ ಬೇಕಾದ ಹಂತಕ್ಕೆ ಹಾರಬಹುದು ಅನ್ನೋ ಗುಟ್ಟೂ ಜೊತೆಗೇ ಬಂತು. ಕಮಾಂಡಿನ ಹೆಸರಿಗೆ ಇನ್ನೊಂದು ಪದ ಅಂಟಿಸಿದರೆ ಅದು ನಡೆದುಕೊಳ್ಳೋ ರೀತಿಯೇ ಬದಲಾಗುತ್ತೆ ಅನ್ನೋದನ್ನ ನನಗೆ ಹೇಳಿಕೊಟ್ಟಿದ್ದು ಆ ಫ್ಲಾಪಿ, ಕ್ಲಾಸಲ್ಲ.

ಆಟವೂ ಸುಮ್ನೆ ಓಡೋದಲ್ಲ. ರಾಜಕುಮಾರಿಯನ್ನು ಬಿಡಿಸೋಕೆ 60 ನಿಮಿಷ ಮಾತ್ರ. ಆದರೂ ಅವಸರ ಮಾಡಿದರೆ ಮುಳ್ಳಿಗೆ ಬಿದ್ದು ಸಾಯುತ್ತೀರಿ. ಶಿಫ್ಟ್ ಒತ್ತಿಕೊಂಡು ಒಂದೊಂದೇ ಹೆಜ್ಜೆ ಇಡಬೇಕು. ನಾಲ್ಕನೇ ಹಂತದಲ್ಲಿ ಕನ್ನಡಿಯ ಮೂಲಕ ಹಾರಿದರೆ ಪ್ರಿನ್ಸ್‌ನ ನೆರಳೇ ಆಚೆ ಬಂದು ಓಡಿಹೋಗುತ್ತೆ. ಹನ್ನೆರಡನೇ ಹಂತದಲ್ಲಿ ಅದೇ ಕತ್ತಿ ಹಿಡಿದು ಎದುರು ನಿಲ್ಲುತ್ತೆ. ಅದಕ್ಕೆ ಹೊಡೆದರೆ ನಮ್ಮ ಜೀವವೇ ಕಮ್ಮಿಯಾಗುತ್ತೆ! ಕತ್ತಿ ಒಳಗಿಟ್ಟು ಅದರೊಳಗೆ ನಡೆದುಹೋಗಬೇಕು, ಅಷ್ಟೇ.

ಆ ನೆರಳು ಹುಟ್ಟಿದ ಕಥೆ ತಿಳಿದಿದ್ದು ತುಂಬಾ ವರ್ಷದ ಮೇಲೆ. 1989ರಲ್ಲಿ ಈ ಆಟ ತಂದ ಜೋರ್ಡನ್ ಮೆಕ್ನರ್, ತನ್ನ ತಮ್ಮ ಓಡಿ ಹಾರುವುದನ್ನು ವಿಡಿಯೋ ಮಾಡಿ, ಅದರ ಮೇಲೆ ಚಿತ್ರ ಬಿಡಿಸಿಕೊಂಡಿದ್ದ. ಅಷ್ಟಕ್ಕೇ ಆಪಲ್ ಟೂ ಕಂಪ್ಯೂಟರಿನ ಮೆಮೊರಿ ತುಂಬಿಹೋಗಿತ್ತು. ಹೊಸ ಶತ್ರುವಿಗೆ ಜಾಗವೇ ಇಲ್ಲ. ಪ್ರಿನ್ಸ್‌ನ ಚಿತ್ರವನ್ನೇ ಒಂದು ಬಿಟ್‌ನಷ್ಟು ಪಕ್ಕಕ್ಕೆ ಸರಿಸಿ, ಅದರ ಜೊತೆಗೇ ಎಕ್ಸ್‌ಓಆರ್ ಮಾಡಿದ, ಅಂದರೆ ಎರಡೂ ಒಂದೇ ಥರ ಇರೋ ಕಡೆ ಖಾಲಿ, ಬೇರೆ ಬೇರೆ ಇರೋ ಕಡೆ ಮಾತ್ರ ಚುಕ್ಕಿ. ನೆರಳು ಸಿಕ್ಕಿತು, ಪುಕ್ಕಟೆ! ಎಕ್ಸ್‌ಓಆರ್ ನಾನು ಮೈಸೂರಿನ ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದರಿಂದ ಇಂಥದ್ದು ಮಾಡಬಹುದು ಅಂತ ಅಲ್ಲಿ ಯಾರೂ ಹೇಳಿರಲಿಲ್ಲ.

ಈಗ ಹೆಬ್ಬಾಳದ ಒಂದು ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಹೊಸದಾಗಿ ಬರೋ ಹುಡುಗರು ಬರೀ ಕಪ್ಪು ಪರದೆ, ಮಿಟುಕೋ ಗೆರೆ ನೋಡಿದರೆ ಬೆದರುತ್ತಾರೆ. ನನಗೆ ಅದು ಆಡೋ ಜಾಗದ ಹಾಗೆ ಕಾಣುತ್ತೆ. ವಿಡಿಯೋ ಗೇಮ್ ಆಡಿದರೆ ಬುದ್ಧಿ ಚುರುಕಾಗುತ್ತೆ ಅನ್ನೋರನ್ನ ನಾನು ಜಾಸ್ತಿ ನಂಬಲ್ಲ. ನನಗೆ ಕಲಿಸಿದ್ದು ಆಟಕ್ಕಿಂತ ಆಟ ಬೇಕು ಅನ್ನೋ ಹಟ. ಇವತ್ತು ಫೋನಿನಲ್ಲಿ ಒಂದು ಸಲ ಒತ್ತಿದರೆ ಆಟ ತೆರೆದುಕೊಳ್ಳುತ್ತೆ, ಹುಡುಕೋ ಕಷ್ಟವೇ ಇಲ್ಲ.

ಅವತ್ತು ನನ್ನ ಪಕ್ಕ ಕೂತಿದ್ದ ಹುಡುಗ ಈಗ ಪಾಂಡವಪುರದ ಹತ್ತಿರ ಆಲೆಮನೆ ನಡೆಸುತ್ತಾನೆ. ಆಟದಲ್ಲಿ ನನಗಿಂತ ಜೋರು, ರಾಜಕುಮಾರಿವರೆಗೂ ಹೋದವನು. “ಅದೇ ಆಟ ನಾನೂ ಆಡ್ದೆ. ನಂಗೇನೂ ಕಲಿಸ್ಲಿಲ್ಲ ಕಣೋ” ಅಂತಾನೆ.

ಕೆಲವು ವರ್ಷದ ಹಿಂದೆ ಅವನೇ ಫೋನ್ ಮಾಡಿದ. ಬೆಲ್ಲದ ಲೆಕ್ಕವಿದ್ದ ಪೆನ್‌ಡ್ರೈವ್‌ಗೆ ವೈರಸ್ ಬಂದು ಫೈಲೆಲ್ಲ ಮಾಯವಂತೆ. ಬಿಡಿಸಿ ಹೇಳೋಣ ಅಂತ ನಾನು ಶುರು ಮಾಡಿದೆ.

“ಲೇ, ಅಟ್ರಿಬ್ ಮೈನಸ್ ಎಚ್ ಹಾಕ್ದೆ ಕಣೋ, ಕೇಳ್ತಾ ಇಲ್ಲ. ಅದ್ಯಾಕೆ ಹೇಳು.”

ಸಿಸ್ಟಮ್ ಫೈಲ್ ಅಂತ ಗುರುತು ಹಾಕಿರುತ್ತೆ, ಮೈನಸ್ ಎಸ್ ಕೂಡ ಜೊತೆಗೇ ಹಾಕು ಅಂದೆ. ಹಾಕಿದ. ಲೆಕ್ಕ ವಾಪಸ್ ಬಂತು.