ಸುಸ್ತಾದ ಕಣಕ್ಕೆ ರಜೆ

ಮೊನ್ನೆ ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮರುದಿನದ ಮೀಟಿಂಗಿಗೆ ಸ್ಲೈಡ್ ಮಾಡುತ್ತಿದ್ದೆ. ಮಗಳು ಬಂದು ಭುಜಕ್ಕೆ ಗಲ್ಲ ಆನಿಸಿ ನಿಂತಳು. ಅವಳಿಗೆ ಎಂಟು ವರ್ಷ. ಪರದೆಯ ಮೇಲೆ ಒಂದು ಟಿ ಕಣದ, ಅಂದರೆ ರೋಗದ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣದ, ಚಿತ್ರ ಇತ್ತು. ಅದರ ಕೆಳಗೆ ‘ಎಕ್ಸಾಸ್ಟೆಡ್’ ಎಂದು ಬರೆದಿದ್ದೆ.

"ಕಣಕ್ಕೂ ಸುಸ್ತಾಗುತ್ತಾ ಅಮ್ಮ?"

"ಆಗುತ್ತೆ ಪುಟ್ಟಿ. ದಿನಾ ಅದೇ ಶತ್ರು ಜೊತೆ ಹೊಡೆದಾಡಿ ಹೊಡೆದಾಡಿ ಸುಸ್ತಾಗುತ್ತೆ."

"ಮತ್ತೆ ಅದಕ್ಕೆ ಯಾರೂ ರಜೆ ಕೊಡಲ್ವಾ?"

ಹೋಗಿ ಮಲಗು, ಹೊತ್ತಾಯ್ತು ಅಂದೆ. ಸ್ಲೈಡ್ ಮುಗಿಯಲಿಲ್ಲ.

ಈ ಸುಸ್ತಾದ ಕಣದ ಬೆನ್ನು ಹತ್ತಿ ನಾನು ಫಿಲಡೆಲ್ಫಿಯಾಕ್ಕೆ ಬಂದು ಇಪ್ಪತ್ತು ವರ್ಷವಾಯ್ತು. ಮೊದಲ ಹನ್ನೊಂದು ವರ್ಷ ಹೆಪಟೈಟಿಸ್ ಬಿ ವೈರಸ್ಸಿಗೆ ಔಷಧಿ ಹುಡುಕುವ ಕೆಲಸ. ಆ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ದುಡಿದದ್ದು ಇದೇ ಊರಲ್ಲಿ. ಆ ವೈರಸ್ಸಿನ ಹಠ ಹತ್ತಿರದಿಂದ ನೋಡಿದವರಿಗೇ ಗೊತ್ತು. ಲಿವರ್ ಕಣದ ನಡುವಿನ ಗೂಡಿಗೇ ಹೋಗಿ ತನ್ನದೊಂದು ಡಿಎನ್‌ಎ ಉಂಗುರವನ್ನು ಬಚ್ಚಿಡುತ್ತದೆ. ಟೆನೊಫೊವಿರ್ ತರಹದ ಮಾತ್ರೆ ವೈರಸ್ ಬೆಳೆಯದಂತೆ ತಡೆಯುತ್ತದೆ, ಆದರೆ ಉಂಗುರವನ್ನು ಕೀಳಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಎಷ್ಟೋ ಜನ ವರ್ಷಗಟ್ಟಲೆ ಮಾತ್ರೆ ನುಂಗುತ್ತಲೇ ಇರಬೇಕು. ಹೆಪಟೈಟಿಸ್ ಸಿ ಕಡೆಯವರಿಗೆ 2013ರಲ್ಲಿ ಸೊಫೊಸ್‌ಬುವಿರ್ ಬಂತು. ಇನ್ನೊಂದು ಔಷಧಿ ಜೊತೆ ಸೇರಿಸಿ 12 ವಾರ ಕೊಟ್ಟರೆ ಹೆಚ್ಚಿನವರಲ್ಲಿ ವೈರಸ್ಸೇ ಇರುವುದಿಲ್ಲ. ಆ ದಿನ ನಮ್ಮ ಲ್ಯಾಬಿನಲ್ಲಿ ಖುಷಿಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು.

ವೈರಸ್ ಬಿಟ್ಟು ಕ್ಯಾನ್ಸರಿಗೆ ಯಾಕೆ ಹೋದೆ ಅಂತ ಊರಿನವರು ಕೇಳುತ್ತಾರೆ. ನಾನು ಹೋದದ್ದು ಕಣದ ಹಿಂದೆ. ಬಹುಕಾಲ ಉಳಿಯುವ ವೈರಸ್ ಮುಂದೆ ಟಿ ಕಣ ಹೇಗೆ ಸೋಲುತ್ತದೋ, ಗಡ್ಡೆಯ ಮುಂದೆಯೂ ಹಾಗೇ ಸೋಲುತ್ತದೆ. ಕಣ ಸತ್ತಿರುವುದಿಲ್ಲ. ಅಲ್ಲೇ ಇರುತ್ತದೆ, ಕೈ ಮಾತ್ರ ಎತ್ತಲಾರದು. ಅದರ ಮೈಮೇಲೆ ಪಿಡಿ-1 ಎಂಬ ಮೂಗುದಾರ ತುಂಬಿಕೊಂಡಿರುತ್ತದೆ. ಅದನ್ನು ಮೊದಲು ಕಂಡದ್ದು ಜಪಾನಿನ ತಸುಕು ಹೊಂಜೊ, 1992ರಲ್ಲಿ. ಹೈದರಾಬಾದಿನಲ್ಲಿ ಓದಿ ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ರಫಿ ಅಹ್ಮದ್ ಮತ್ತು ಅವರ ಜೊತೆಗಾರರು 2006ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಇಲಿಗಳಲ್ಲಿ ವೈರಸ್ಸಿನಿಂದ ಸುಸ್ತಾದ ಕಣಗಳ ಆ ಮೂಗುದಾರವನ್ನು ಯಾರ ಕೈಗೂ ಸಿಗದಂತೆ ಮುಚ್ಚಿದರೆ ಕಣಗಳು ಮತ್ತೆ ಏಳುತ್ತವೆ. ಕ್ಯಾನ್ಸರಿಗೆ ಕೊಡುವ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಮಾಡುವುದೂ ಅದನ್ನೇ. 2018ರಲ್ಲಿ ಹೊಂಜೊ ಮತ್ತು ಜೇಮ್ಸ್ ಆಲಿಸನ್ ಅವರಿಗೆ ನೊಬೆಲ್ ಬಂದಾಗ ನಾನು ಕಾರು ಪಕ್ಕಕ್ಕೆ ನಿಲ್ಲಿಸಿ ಅತ್ತಿದ್ದೆ. ಅದು ಬರೀ ಖುಷಿಗೆ ಅಲ್ಲ.

ಅದರ ಹಿಂದಿನ ವರ್ಷ, 2017ರ ಫೆಬ್ರವರಿಯಲ್ಲಿ, ದಾವಣಗೆರೆಯಲ್ಲಿ ಚಿಕ್ಕಪ್ಪ ತೀರಿಕೊಂಡಿದ್ದರು. ಬಾಯಿ ಕ್ಯಾನ್ಸರ್.

ಚಿಕ್ಕಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದರು. ನಮ್ಮೂರಿನವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಸಂಜೆ ಮಿರ್ಚಿ ಜೊತೆ ಖಾರ ಮಂಡಕ್ಕಿ ತಿನ್ನುವಾಗ ಅದು ಎಷ್ಟು ಹಗುರ ಅನ್ನಿಸುತ್ತದೆ, ಅಲ್ವಾ? ಅದರ ಹಿಂದಿನ ಕೆಲಸ ಹಗುರ ಅಲ್ಲ. ಭತ್ತ ನೆನೆಸಬೇಕು, ಬಿಸಿ ಮಾಡಬೇಕು, ಅಂಗಳದಲ್ಲಿ ಹರಡಿ ಒಣಗಿಸಬೇಕು, ಅಕ್ಕಿ ಮಾಡಿಸಬೇಕು. ಆಮೇಲೆ ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಕಾದ ಮರಳಿಗೆ ಹಾಕಿ ಕೈ ಬಿಡದೆ ಆಡಿಸಬೇಕು. ಒಂದು ಕ್ಷಣ ತಡವಾದರೆ ಸೀಯುತ್ತದೆ. ಚಿಕ್ಕಪ್ಪ ಬೆಳಗಿನ ಜಾವ ಮೂರಕ್ಕೆ ಏಳುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನು ಅವರ ಬುತ್ತಿ ಒಯ್ಯುತ್ತಿದ್ದೆ. ಬಾಗಿಲಲ್ಲೇ ಮುಖಕ್ಕೆ ಬೆಂಕಿಯ ಝಳ ಹೊಡೆಯುತ್ತಿತ್ತು. ಹೊಗೆಯ ಒಳಗಿಂದ ಬರೀ ಅವರ ಹಲ್ಲು ಕಾಣುತ್ತಿತ್ತು. "ದೂರ ನಿಲ್ಲವ್ವ, ಕಿಡಿ ಹಾರತೈತಿ" ಅಂತ ಕೂಗುತ್ತಿದ್ದರು. ಆಮೇಲೆ ಬಿಸಿ ಬಿಸಿ ಮಂಡಕ್ಕಿ ನನ್ನ ಲಂಗದ ಉಡಿಗೆ ಸುರಿಯುತ್ತಿದ್ದರು. ಆ ಬಿಸಿ ಇನ್ನೂ ತೊಡೆಯ ಮೇಲೆ ಇದೆ.

ನಿದ್ದೆ ಬರಬಾರದು, ಸುಸ್ತು ಗೊತ್ತಾಗಬಾರದು ಅಂತ ದವಡೆಯಲ್ಲಿ ಯಾವಾಗಲೂ ಅಡಿಕೆ, ತಂಬಾಕು. ಮೊದಲು ಎಲೆ ಜೊತೆ, ಆಮೇಲೆ ಗುಟ್ಕಾ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯ್ತು. ಅಂಗಡಿಯವರು ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಒಂದು ಕೊಟ್ಟರು. ಚಿಕ್ಕಪ್ಪ ಎರಡನ್ನೂ ಅಂಗೈಯಲ್ಲಿ ಬೆರೆಸಿದರು.

ಕೆನ್ನೆಯ ಒಳಗೆ ಹುಣ್ಣು ಎದ್ದು ಏಳು ತಿಂಗಳು ಯಾರಿಗೂ ಹೇಳಲಿಲ್ಲ. ಚಿಕ್ಕಮ್ಮ ಕಂಡುಹಿಡಿದದ್ದು ಅವರು ಖಾರ ತಿನ್ನುವುದು ಬಿಟ್ಟಾಗ. ಫೋನಿನಲ್ಲಿ ನಾನು ಬೈದೆ. "ಭಟ್ಟಿ ಬಿಟ್ಟು ಹೆಂಗ್ ಹೋಗ್ಲವ್ವ, ಒಂದಿನ ಹೋದ್ರೆ ಒಂದಿನದ ಕೂಲಿ ಹೋತು" ಅಂದರು. ಅವರು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟು ಬಂದಿತ್ತು.

2016ರ ನವೆಂಬರಿನಲ್ಲಿ, ಬೇರೆ ಔಷಧಿಗೆ ಬಗ್ಗದ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ನಿವೊಲುಮ್ಯಾಬ್ ಕೊಡಬಹುದು ಎಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬಾಯಿ ಕ್ಯಾನ್ಸರೂ ಅದರಲ್ಲಿ ಸೇರುತ್ತದೆ. ಆ ಸುದ್ದಿಯನ್ನು ನಾನು ಓದಿದ್ದು ಕೆಲಸದ ಜಾಗದಲ್ಲಿ, ಕೇಕಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡು. ಚಿಕ್ಕಪ್ಪನ ಹೆಸರು ಹೇಳಲು ಬಾಯಿ ಬರಲಿಲ್ಲ. ವರ್ಷಗಟ್ಟಲೆ ಆ ಔಷಧಿ ಹಾಕಿಸುವ ದುಡ್ಡಿಗೆ ಅವರ ಮನೆ ಮಾರಿದರೂ ಸಾಲುತ್ತಿರಲಿಲ್ಲ.

ಆಮೇಲೆ ಒಂದು ಕೆಲಸ ನನ್ನ ದೇಶದಲ್ಲೇ ಆಯ್ತು. ಅದನ್ನು ಇಲ್ಲಿಯವರ ಮುಂದೆ ನಾನು ಎದೆ ಎತ್ತಿ ಹೇಳುತ್ತೇನೆ. ಮುಂಬೈನ ಟಾಟಾ ಆಸ್ಪತ್ರೆಯ ವೈದ್ಯರು ನಿವೊಲುಮ್ಯಾಬನ್ನು ಬರೀ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ ಕೊಟ್ಟು ನೋಡಿದರು. ಇಲ್ಲಿ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಕೊಡುತ್ತಾರೆ. ವಾಸಿಯಾಗುವ ಆಸೆ ಇಲ್ಲದ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ರೋಗಿಗಳು ಅವರು. ಎಲ್ಲರಿಗೂ ಅಗ್ಗದ ಮಾತ್ರೆಗಳಿದ್ದವು, ಅರ್ಧ ಜನಕ್ಕೆ ಅದರ ಜೊತೆಗೆ ಇದು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷ ಬದುಕಿದವರು ನೂರಕ್ಕೆ ಸುಮಾರು 16. ಇದನ್ನೂ ಸೇರಿಸಿದವರಲ್ಲಿ ಸುಮಾರು 43. ಇದು ಪ್ರಕಟವಾದದ್ದು 2022ರಲ್ಲಿ. ನಮ್ಮ ಕಂಪನಿಗಳಲ್ಲಿ ಡೋಸ್ ಎಷ್ಟು ಏರಿಸಬಹುದು ಅಂತ ಯೋಚಿಸುವವರು ಜಾಸ್ತಿ. ಎಷ್ಟು ಇಳಿಸಿದರೂ ಕೆಲಸ ಮಾಡುತ್ತದೆ ಅಂತ ಕೇಳಿದ್ದು, ಬಡವರನ್ನು ದಿನಾ ಎದುರಿಗೆ ಕೂರಿಸಿಕೊಳ್ಳುವ ವೈದ್ಯರು. ಈ ಪ್ರಶ್ನೆ ನನಗೆ ಹೊಳೆಯಬೇಕಿತ್ತು. ನಾನು ಬುತ್ತಿ ಒಯ್ದವಳು.

ಆದರೂ ಒಂದು ಮಾತು ಹೇಳದಿದ್ದರೆ ಸುಳ್ಳಾಗುತ್ತದೆ. ಚಿಕ್ಕಪ್ಪನಿಗೆ ಬೇಕಿದ್ದದ್ದು ನನ್ನ ಔಷಧಿ ಅಲ್ಲ. ಬಾಯಿಯ ಹುಣ್ಣು ಚಿಕ್ಕದಿದ್ದಾಗಲೇ ಸಿಕ್ಕಿದರೆ ಕತ್ತರಿಸಿ ತೆಗೆದು ಎಷ್ಟೋ ಜನರನ್ನು ಉಳಿಸುತ್ತಾರೆ. ಅದಕ್ಕೆ ಬೇಕಾದದ್ದು ಒಂದು ದಿನದ ರಜೆ. ನಮ್ಮಲ್ಲಿ ತೀರಿಕೊಂಡವರ ಬಗ್ಗೆ "ಒಂದು ದಿನ ಸುಮ್ನೆ ಕೂತವರಲ್ಲ" ಅಂತ ಹೊಗಳುತ್ತೇವೆ. ಚಿಕ್ಕಪ್ಪನ ತಿಥಿಯಲ್ಲೂ ಎಲ್ಲರೂ ಅದನ್ನೇ ಹೇಳಿದರು. ನಾನೂ ಹೇಳಿದೆ.

ಅಡಿಕೆಯ ಮಾತು ನಮ್ಮ ಮನೆಯಲ್ಲಿ ಇನ್ನೂ ಕಷ್ಟ. ಅವ್ವನ ತವರು ಚನ್ನಗಿರಿ ಕಡೆ. ನನ್ನ ಎಂಎಸ್ಸಿ ಫೀಸು ಮಾವನ ಅಡಿಕೆ ತೋಟದಿಂದ ಬಂತು. ತಂಬಾಕು ಸೇರಿಸದಿದ್ದರೂ ಅಡಿಕೆ ಅಗಿಯುವುದರಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ಇದನ್ನು ಒಮ್ಮೆ ಮಾವನ ಮುಂದೆ ಹೇಳಿದೆ. ಮಾವ ಸಿಟ್ಟಾಗಲಿಲ್ಲ. "ಹಂಗಾದ್ರೆ ಏನ್ ಬೆಳಿಬೇಕು ಹೇಳವ್ವ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಹಾಗಂತ ಗೊತ್ತಿದ್ದದ್ದನ್ನು ನುಂಗಿಕೊಂಡು ಕೂರಲೂ ಆಗುವುದಿಲ್ಲ.

ಮರುದಿನ ಶಾಲೆಗೆ ಬಿಡುವಾಗ ಮಗಳಿಗೆ ಅವಳ ಪ್ರಶ್ನೆಯ ಉತ್ತರ ಕೊಟ್ಟೆ. ಸುಸ್ತಾದ ಕಣಕ್ಕೆ ನಿಜವಾಗಿ ರಜೆ ಕೊಟ್ಟು ನೋಡಿದವರಿದ್ದಾರೆ. ಸ್ಟ್ಯಾನ್‌ಫೋರ್ಡಿನಲ್ಲಿ, 2021ರಲ್ಲಿ. ಕ್ಯಾನ್ಸರ್ ವಿರುದ್ಧ ಲ್ಯಾಬಿನಲ್ಲಿ ತಿದ್ದಿ ತಯಾರಿಸಿದ ಟಿ ಕಣಗಳಿಗೆ ‘ಹೊಡೆ, ಹೊಡೆ’ ಎಂಬ ಸೂಚನೆಯನ್ನು ಕೆಲವು ದಿನ ನಿಲ್ಲಿಸಿದರು. ಆಮೇಲೆ ಆ ಕಣಗಳು ಮೊದಲಿನ ಹಾಗೆ ಕೆಲಸ ಮಾಡಿದವು. "ನಾನು ಹೇಳಿದ್ನಲ್ಲ!" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಂಡಕ್ಕಿ ಅಜ್ಜನಿಗೆ ಯಾಕೆ ಕೊಡ್ಲಿಲ್ಲ?" ಅಂದಳು. ಅವಳು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದಾಳೆ.

ಅಂದು ರಾತ್ರಿ ಚಿಕ್ಕಪ್ಪನ ಮಗನಿಗೆ ವಿಡಿಯೋ ಕಾಲ್ ಮಾಡಿದೆ. ಅವನೂ ಈಗ ಭಟ್ಟಿಯಲ್ಲೇ. ಮಾತಾಡುವಾಗ ಅವನ ಎಡಗೆನ್ನೆ ಉಬ್ಬಿತ್ತು. ಉಗುಳಿ ಬಾ, ಬಾಯಿ ತೆಗೆದು ತೋರಿಸು ಅಂದೆ. ಪೂರ್ತಿ ತೆಗೆಯಲು ಆಗಲಿಲ್ಲ ಅವನಿಗೆ, ಎರಡು ಬೆರಳು ಹೋಗುವಷ್ಟು ಮಾತ್ರ. ಅಡಿಕೆ ಜಗಿಯುವವರ ಬಾಯಿ ಹೀಗೆ ಬಿಗಿದರೆ ಅದು ಕ್ಯಾನ್ಸರಿಗೆ ಮುಂಚಿನ ಸೂಚನೆ ಇರಬಹುದು. ಅವನಿಗೆ ಅದನ್ನು ಸುತ್ತಿ ಬಳಸದೆ ಹೇಳಿದೆ. ಚಿಕ್ಕಮ್ಮ ಹಿಂದಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಸೋಮವಾರ ಅಮಾಸೆ ಅಕ್ಕ, ಭಟ್ಟಿ ರಜ" ಅಂದ. "ಅವತ್ತು ತೋರ್ಸ್ಕಂಡು ಬರ್ತೀನಿ."

ಅವನ ಸೋಮವಾರ ಬೆಳಗ್ಗೆ ಏಳು ಅಂದರೆ ನಮಗೆ ಭಾನುವಾರ ರಾತ್ರಿ ಒಂಬತ್ತೂವರೆ. ಆ ಹೊತ್ತಿಗೆ ಫೋನ್ ಮಾಡಿ ಅವನನ್ನು ಎಬ್ಬಿಸುತ್ತೇನೆ. ಮಗಳು ತಾನೂ ಎಚ್ಚರ ಇರುತ್ತೇನೆ ಅಂದಿದ್ದಾಳೆ.