ಲಾಲ್‌ಬಾಗ್ ಓಟ, ಗಾಂಧಿ ಬಜಾರ್ ದೋಸೆ

ಮೂರು ತಿಂಗಳಿಂದ ಬೆಳಿಗ್ಗೆ ಐದೂವರೆಗೆ ಏಳುತ್ತಿದ್ದೇನೆ. ನಿಲ್ಲದೆ 5 ಕಿಲೋಮೀಟರ್ ಓಡಬೇಕು, ಅಷ್ಟೇ ಗುರಿ. ಆಫೀಸು, ರಿಂಗ್ ರೋಡಿನ ಟ್ರಾಫಿಕ್ಕು, ಮಗಳ ಹೋಂವರ್ಕು, ಇದರ ಮಧ್ಯೆ ನನಗೆ ಅಂತ ಸಿಗೋದು ಅದೊಂದೇ ಗಂಟೆ. ಎಷ್ಟೋ ದಿನ ಅದೂ ತಪ್ಪಿದೆ.

ಇವತ್ತು ಭಾನುವಾರ ಅಲ್ವಾ, ಲಾಲ್‌ಬಾಗ್‌ಗೆ ಅಪ್ಪ, ಮಗಳು ಇಬ್ಬರೂ ಬಂದರು. ನಾನು ಓಡಿ ಬರುವಷ್ಟರಲ್ಲಿ ಅಪ್ಪ ಬಂಡೆ ಹತ್ತಿ, ಕೆಂಪೇಗೌಡರ ಗೋಪುರದ ಹತ್ತಿರ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಅವರ ನಡಿಗೆ ಇಷ್ಟು ನಿಧಾನ ಆಗಿದ್ದು ಯಾವಾಗ? ದಿನಾ ನನ್ನ ಹೆಜ್ಜೆ ಎಣಿಸುತ್ತೇನೆ, ಇದನ್ನು ಗಮನಿಸಿರಲೇ ಇಲ್ಲ.

"ವಿದ್ಯಾರ್ಥಿ ಭವನಕ್ಕೆ ಹೋಗೋಣ್ವೇನೋ?" ಅಂದರು. 1943ರಿಂದ ಇರುವ ಹೋಟೆಲು. ಅಪ್ಪನ ಕಾಲೇಜು ದಿನಗಳೆಲ್ಲ ಅಲ್ಲೇ. ಮುಕ್ಕಾಲು ಗಂಟೆ ಹೊರಗೆ ಕಾದೆವು. ಪಂಚೆ ಉಟ್ಟ ಸಪ್ಲೈಯರ್ ಒಂದೇ ಕೈ ಮೇಲೆ ಸಾಲಾಗಿ ದೋಸೆ ತಟ್ಟೆ ಪೇರಿಸಿಕೊಂಡು ಬಂದಾಗ ಮಗಳು ಬಾಯಿ ಬಿಟ್ಟು ನೋಡಿದಳು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಬೆರಳಿಗೆಲ್ಲ ತುಪ್ಪ. ಸಾಂಬಾರ್ ಕೊಡಲ್ಲ, ನೀರು ನೀರಾದ ಚಟ್ನಿ ಮಾತ್ರ. ಅದೇ ಸಾಕು. ಅಪ್ಪ ತಮ್ಮ ದೋಸೆಯ ಕೆಂಪಗಿನ ಅಂಚು ಮುರಿದು ಮಗಳ ತಟ್ಟೆಗೆ ಹಾಕಿದರು. ನಾನು ಚಿಕ್ಕವನಿದ್ದಾಗ ನನಗೂ ಹೀಗೇ ಹಾಕುತ್ತಿದ್ದರು.

ಇವತ್ತಿನ ಕ್ಯಾಲೊರಿ ಆ್ಯಪ್‌ನಲ್ಲಿ ಬರೆದಿಲ್ಲ, ಬರೆಯೋದೂ ಇಲ್ಲ. ನಾಳೆ ಐದೂವರೆಗೆ ಅಲಾರಂ ಇಟ್ಟಿದ್ದೇನೆ.

ಕೈ ತೊಳೆದು ಬಂದ ಅಪ್ಪ ಕೇಳಿದರು, "ಮುಂದಿನ ಭಾನುವಾರ ಎಷ್ಟು ಗಂಟೆಗೆ ಹೊರಡೋಣ?"